ವೆಂಗುರ್ಲೆ ಬಂದರಿನ ಬೇವಿನ ಗಿಡ

ಮುಂಜಾನೆ ಏಳರ ಬಸ್ಸಿಗೆ ವಿಜಾಪುರ ಬಿಟ್ಟೆ. ದೀಪಾವಳಿ ಸೂಟಿ ಮುಗಿಯಲು ಇನ್ನೂ ಆರು ದಿನ ಇತ್ತು. ಜೋರಾಪುರ ಪೇಟೆಯ ಮನೆಯಿಂದ ನಡೆದು ಬರುವಷ್ಟರಲ್ಲೇ ಕೈಚೀಲ ಭಾರವೆನಿಸಿತು. ಅದರಲ್ಲಿ ಇದ್ದದ್ದು ಎರಡು ಧೋತರ, ಹಲ್ಲುಪುಡಿಯ ಡಬ್ಬಿ, ಮತ್ತು ನಾನೇ ಬರೆದುಕೊಂಡ ಪಾಠದ ಟಿಪ್ಪಣಿ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು. ವಿಜಾಪುರದ ಸುಲ್ತಾನನ ಅಪ್ಪಣೆ ಪಡೆದು ಡಚ್ಚರು ವೆಂಗುರ್ಲೆಯಲ್ಲಿ ಸರಕು ಕೂಡಿಡುವ ವಖಾರ ಕಟ್ಟಿದ್ದು, ಅದರ ಸುತ್ತ ಬಂದರು ಬೆಳೆದದ್ದು, ಆಮೇಲೆ ಅದು ಇಂಗ್ಲಿಷರ ಕೈಸೇರಿದ್ದು ಎಲ್ಲವನ್ನೂ ಹದಿನಾರು ವರ್ಷದಿಂದ ಹೇಳುತ್ತ ಬಂದಿದ್ದೆ. ಸಮುದ್ರವನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ.

ಈಗ ಹೊರಟಿದ್ದು ಪಾಠಕ್ಕಾಗಿ ಅಲ್ಲ, ಒಂದು ಜಗಳ ತೀರಿಸಿಕೊಳ್ಳಲು. ನನ್ನ ತಂದೆಯ ತಮ್ಮ ಮಲ್ಲಪ್ಪ ಕಾಕಾ ಟಿಕೋಟಾದಲ್ಲಿದ್ದಾನೆ. ನಮ್ಮ ಅಜ್ಜ ಗಾಡಿ ಹೂಡಿ ವೆಂಗುರ್ಲೆಗೆ ಅರಳೆ, ಶೇಂಗಾ ಒಯ್ದು, ಅಲ್ಲಿಂದ ತೆಂಗಿನಕಾಯಿ, ಉಪ್ಪು ತರುತ್ತಿದ್ದ. ಕಾಕಾ ಹುಡುಗನಾಗಿದ್ದಾಗ ಒಮ್ಮೆ ಜೊತೆಗೆ ಹೋಗಿದ್ದನಂತೆ. ಹೋದ ಬೇಸಿಗೆಯಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಅವನು ಎಲ್ಲರೆದುರು, "ವೆಂಗುರ್ಲಾದಾಗ ನಮ್ಮಪ್ಪ ಹಚ್ಚಿದ ಬೇವಿನ ಗಿಡ ಐತಿ. ನಮ್ಮ ಕಡಿ ಗಾಡಿಯವ್ರೆಲ್ಲ ಅದರ ಕಡ್ಡೀಲೆ ಹಲ್ಲ ಉಜ್ಜತಿದ್ರು" ಎಂದ. ನನ್ನ ಮಾಸ್ತರಿಕೆಯ ಚಾಳಿ ಸುಮ್ಮನಿರಲಿಲ್ಲ. "ಆ ಮಳಿಯೊಳಗ ಬೇವಿನ ಬೇರ ಕೊಳೀತಾವ ಕಾಕಾ. ಅಲ್ಲಿ ಬೇವು ಬದುಕೂದಿಲ್ಲ. ಇದು ಬರೇ ಕತಿ" ಎಂದುಬಿಟ್ಟೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಕಾಕಾ ಹೋಳಿಗೆ ಬಿಟ್ಟು ಕೈತೊಳೆದ.

ಅಂದಿನಿಂದ ಟಿಕೋಟಾದ ಜನ, "ಗಿಡ ಹೆಂಗೈತೋ ಮಲ್ಲಪ್ಪಾ?" ಎಂದು ಕಾಡತೊಡಗಿದರು. ಅವನು ಕಟ್ಟೆಗೆ ಬಂದು ಕೂಡುವುದನ್ನೇ ಬಿಟ್ಟನೆಂದು ಕೇಳಿದೆ. ಮೇಲಾಗಿ ಅವನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಕೊನೆಗೆ ಹೇಳಿಕಳಿಸಿದ: "ಕಣ್ಣ ಪೂರಾ ಮುಚ್ಚೂದರೊಳಗ ಮಾಸ್ತರಗ ಗಿಡ ತೋರಸ್ತೀನಿ. ಇಲ್ಲದಿದ್ರ ಬಂದರದ ಮಾತು ಮತ್ತ ಎತ್ತೂದಿಲ್ಲ."

ಟಿಕೋಟಾ ಹನ್ನೆರಡು ಮೈಲು. ಹಳೆಯ ಕಲ್ಲಿನ ಸರಾಯಿಯ ಹತ್ತಿರ ಕಾಕಾ ಗಂಟು ಹಿಡಿದು ನಿಂತಿದ್ದ. ಸುಲ್ತಾನರ ಕಾಲದಲ್ಲಿ ವ್ಯಾಪಾರಿಗಳು ತಂಗಲೆಂದು ಕಟ್ಟಿದ ಸರಾಯಿ ಅದು. ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇತ್ತು. ದಿನಾ ಬೇವಿನ ಕಡ್ಡಿಯಿಲ್ಲದೆ ಬಾಯಿ ತೊಳೆಯದವನು ಒಂದು ಕಡ್ಡಿಯನ್ನೂ ತಂದಿರಲಿಲ್ಲ.

"ಕಡ್ಡಿ ಮರೆತ್ಯೇನು ಕಾಕಾ?"

"ಅಲ್ಲಿ ಐತಲ್ಲ, ಇಲ್ಲಿಂದ ಯಾಕ ಹೊರೂದು?" ಎಂದು ಮುಖ ಆಚೆ ತಿರುಗಿಸಿದ.

ಅಥಣಿ, ಚಿಕ್ಕೋಡಿ ದಾಟಿ ಸಂಜೆಗೆ ಬೆಳಗಾವಿ ಸೇರಿದೆವು. ದಾರಿಯುದ್ದಕ್ಕೂ ಕಾಕಾ ಗಾಡಿಗಳು ಇಳಿಯುತ್ತಿದ್ದ ಹಳ್ಳ, ಬಾವಿ, ತೋಪುಗಳ ಹೆಸರು ಹೇಳುತ್ತ ಬಂದ. ಧರ್ಮಶಾಲೆಯಲ್ಲಿ ಮಲಗಿದೆವು. ಮರುದಿನ ಮುಂಜಾನೆ ಹಲ್ಲುಪುಡಿ ಕೊಡಹೋದರೆ, "ಆ ಬೂದಿ ನಿನಗಽ ಇರಲಿ" ಎಂದು ಬರೇ ನೀರು ಮುಕ್ಕಳಿಸಿ ಉಗುಳಿದ.

ಬೆಳಗಾವಿಯಿಂದ ವೆಂಗುರ್ಲೆಗೆ ಎಪ್ಪತ್ತು ಮೈಲಿಗೂ ಹೆಚ್ಚು. ಆಂಬೋಲಿ ಘಟ್ಟ ಇಳಿಯುವಾಗ ಥಂಡಿ ಗಾಳಿಗೆ ಕಿವಿ ಮುಚ್ಚಿಕೊಂಡೆವು. ಇಲ್ಲಿ ಇಳಿಜಾರಿನಲ್ಲಿ ಗಾಡಿ ಓಡಬಾರದೆಂದು ಹಿಂದೆ ಮರದ ದಿಮ್ಮಿ ಕಟ್ಟಿ ಎಳೆಸುತ್ತಿದ್ದರಂತೆ. ನಮ್ಮ ಬಸ್ಸು ಎರಡು ದಿನದಲ್ಲಿ ಮುಗಿಸಿದ ದಾರಿಗೆ ಅವರಿಗೆ ಅರ್ಧ ತಿಂಗಳು ಹಿಡಿಯುತ್ತಿತ್ತು. ನನ್ನ ಟಿಪ್ಪಣಿಯಲ್ಲಿ ಇದ್ಯಾವುದೂ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ, ಮನೆಯವರು ಹೇಳಿದ್ದು ಇತಿಹಾಸವೆಂದು ನನಗೆ ಎಂದೂ ಅನ್ನಿಸಿರಲಿಲ್ಲ.

ಮಧ್ಯಾಹ್ನ ವೆಂಗುರ್ಲೆಯಲ್ಲಿ ಇಳಿದು ದಂಡೆಗೆ ನಡೆದೆವು. ಸಮುದ್ರ ಕಂಡಿತು. ಇಷ್ಟು ವರ್ಷ ಕರಿಹಲಗೆಯ ಮೇಲೆ ನೀಲಿ ಸುಣ್ಣದ ಕಡ್ಡಿಯಿಂದ ಎರಡು ಗೆರೆ ಎಳೆದು 'ಇದು ಸಮುದ್ರ' ಎನ್ನುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಆದರೆ ಬಂದರು ಎಲ್ಲಿ? ಏಳೆಂಟು ಮೀನುದೋಣಿ, ದೋಣಿ ಕಟ್ಟುವ ಒಂದು ಧಕ್ಕೆ, ಗುಡ್ಡದ ಮೇಲೆ ದೀಪದ ಮನೆ. ರೈಲು ಬೇರೆ ಬಂದರುಗಳಿಗೆ ಹೋದ ಮೇಲೆ ಇಲ್ಲಿಯ ವ್ಯಾಪಾರ ಕರಗಿತ್ತು. ಡಚ್ಚರ ವಖಾರದ ಗೋಡೆಯಲ್ಲಿ ಬೇರು ಇಳಿದು ಕಲ್ಲು ಬಾಯಿಬಿಟ್ಟಿದ್ದವು.

"ಇಷ್ಟ ಸಣ್ಣದಾತೇನು?" ಎಂದು ಕಾಕಾ ಕೈಯನ್ನು ಹುಬ್ಬಿಗೆ ಹಿಡಿದು ನೋಡಿದ.

ಗಾಡಿಗಳು ಬೀಡುಬಿಡುತ್ತಿದ್ದ ಬಯಲಿನಲ್ಲಿ ಈಗ ತೆಂಗಿನ ತೋಟ, ಸುತ್ತ ಬೇಲಿ. ಒಂದು ತಾಸು ಅಲೆದೆವು. ಕಾಕಾ ಎರಡು ಸಲ ಮುಗ್ಗರಿಸಿದ. ಗೆದ್ದೆನೆಂಬ ಸಂತೋಷ ನನಗೆ ಬರಲೇ ಇಲ್ಲ. ಗಿಡ ಇರಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮೀನು ಒಣಹಾಕುತ್ತಿದ್ದ ಒಬ್ಬ ಮುದುಕಿಯನ್ನು ಮರಾಠಿಯಲ್ಲಿ ಕೇಳಿದೆ. ಆಕೆ ತನ್ನ ಊರಿನ ಮಾತಿನಲ್ಲಿ, "ಗಾಡಿಯವರ ಗಿಡವೇ? ಬನ್ನಿ" ಎಂದು ವಖಾರದ ಹಿಂದೆ ಕರೆದೊಯ್ದಳು.

ಗಿಡ ಇತ್ತು. ನಮ್ಮ ಕಡೆಯ ಬೇವಿನಂತೆ ಹರಡಿರಲಿಲ್ಲ, ಸೊರಗಿ ಎತ್ತರಕ್ಕೆ ಬೆಳೆದಿತ್ತು. ಎದೆಮಟ್ಟ ಕಲ್ಲು ಒಟ್ಟಿ, ಮೇಲೆ ಮಣ್ಣು ತುಂಬಿ ಅದರಲ್ಲಿ ನೆಟ್ಟಿದ್ದರು. ಮಳೆನೀರು ಬುಡದಲ್ಲಿ ನಿಲ್ಲದೆ ಹರಿದುಹೋಗುವಂತೆ ಮಾಡಿದ್ದ ಉಪಾಯ. ನನ್ನ ಮಾಸ್ತರಿಕೆಗೆ ಅದು ಹೊಳೆದಿರಲಿಲ್ಲ. ಕಾಕಾ ತಡವರಿಸಿ ಕಾಂಡ ಮುಟ್ಟಿದ. ಒಂದು ಕಡ್ಡಿ ಮುರಿದು, ಆ ಉರಿಬಿಸಿಲಿನಲ್ಲಿ ನಿಂತೇ ಜಗಿಯತೊಡಗಿದ. ಕಣ್ಣಿಂದ ನೀರು ಇಳಿಯುತ್ತಿತ್ತು. ನಾನು ಬಗ್ಗಿ ಅವನ ಕಾಲು ಮುಟ್ಟಿ, "ತಪ್ಪಾತು ಕಾಕಾ" ಎಂದೆ.

"ಏಳೋ ಮಾಸ್ತರ," ಎಂದು ನಕ್ಕು ಮುದುಕಿಗೆ ತನ್ನ ಹರಕುಮುರುಕು ಮರಾಠಿಯಲ್ಲಿ ಹೇಳಿದ, "ಇದು ನಮ್ಮಪ್ಪ ಹಚ್ಚಿದ್ದು."

ಆಕೆ ತಲೆಯಾಡಿಸಿದಳು. "ಅಲ್ಲ. ಹಚ್ಚಿದವನು ನಿಮ್ಮ ಕಡೆಯ ಬಬಲೇಶ್ವರದ ಸಂಗಪ್ಪ, ಎಣ್ಣೆ ಗಾಣದವರ ಪೈಕಿ. ನನ್ನ ಅತ್ತೆ ಹೇಳುತ್ತಿದ್ದಳು. ಜ್ವರ ಬಂದು ಒಂದು ಮಳೆಗಾಲ ಪೂರ್ತಿ ನಮ್ಮ ಪಡಸಾಲೆಯಲ್ಲಿ ಮಲಗಿದ್ದನಂತೆ. ಬೇವು ಬೇಕು ಅಂತ ಕನವರಿಸುತ್ತಿದ್ದನಂತೆ. ಮರುವರ್ಷ ಗಡಿಗೆಯಲ್ಲಿ ಸಸಿ ತಂದು, ತಾನೊಬ್ಬನೇ ಈ ಕಲ್ಲು ಒಟ್ಟಿದ. ಆಮೇಲೆ ಅವನು ಬರಲಿಲ್ಲ. ಉಳಿದ ಗಾಡಿಯವರು ನೀರು ಹಾಕಿ ಬೆಳೆಸಿದರು."

ಕಾಕಾನ ಬಾಯಲ್ಲಿದ್ದ ಕಡ್ಡಿ ಅಲ್ಲಿಗೇ ನಿಂತಿತು.

ಅವನ ಮುಖ ನೋಡಲಾರದೆ ನಾನು ಕನ್ನಡದಲ್ಲಿ ಹೇಳಿದೆ: "ಮುದುಕಿ ಮಾತು ಬಿಡು. ಗಿಡ ಇದ್ದದ್ದು ಖರೆ ಆತಲ್ಲ? ಟಿಕೋಟಾದಾಗ ನಾ ಅಜ್ಜನ ಗಿಡ ಅಂತಽ ಹೇಳ್ತೀನಿ." ಬೇಸಿಗೆಯಲ್ಲಿ ಸತ್ಯದ ಹೆಸರಿನಲ್ಲಿ ಅವನನ್ನು ನಗೆಗೀಡು ಮಾಡಿದ ಮಾಸ್ತರನೇ ಈ ಮಾತು ಆಡಿದ್ದು. ಮರುದಿನ ಹೊರಡುವ ಮುಂಚೆ ಕಾಕಾ ಒಂದು ಸಣ್ಣ ಟೊಂಗೆ ಮುರಿದು ಹಸಿಬಟ್ಟೆಯಲ್ಲಿ ಸುತ್ತಿಕೊಂಡ.

ಬೆಳಗಾವಿಯಲ್ಲಿ ಚಹಾ ಕುಡಿಯುವಾಗ ಕಾಕಾ ತಾನಾಗಿಯೇ ಹೇಳಿದ: "ನಾ ಆಗ ಹತ್ತ ವರ್ಷದವ. ನಮ್ಮಪ್ಪ ದಿನಾ ಎರಡ ಕೊಡ ನೀರ ಹಾಕೂದ ನೋಡಿದ್ದೆ. ಹಚ್ಚಿದವನೂ ಅವನಽ ಅಂತ ತಿಳಕೊಂಡೆ. ಯಾರನ್ನೂ ಕೇಳಲಿಲ್ಲ."

ನಾನೂ ಯಾರನ್ನೂ ಕೇಳಿರಲಿಲ್ಲ. ಬಂದರು ಕಟ್ಟಿದವರ ಹೆಸರು ಪುಸ್ತಕದಲ್ಲಿ ಸಿಕ್ಕಿತು, ಅಲ್ಲಿಗೆ ಪಾಠ ಮುಗಿಸುತ್ತಿದ್ದೆ. ಹಡಗು ತುಂಬುವಷ್ಟು ಅರಳೆ ಘಟ್ಟ ಇಳಿದು ಹೇಗೆ ಬಂತೆಂದು ಕೇಳಬೇಕಿತ್ತು. ಕೇಳಲು ಮನೆಯಲ್ಲೇ ಒಬ್ಬನಿದ್ದ.

ನಾಲ್ಕನೆಯ ದಿನ ಟಿಕೋಟಾದಲ್ಲಿ ಇಳಿದೆವು. ಕಟ್ಟೆಯ ಮೇಲಿದ್ದವರು ಕೂಗಿದರು: "ಗಿಡ ಸಿಕ್ತೇನ್ರಿ ಮಾಸ್ತರ?" ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ಗಿಡ ಐತಿ. ನಮ್ಮಪ್ಪಂದಲ್ಲ. ಬಬಲೇಶ್ವರದವರದು. ಅವರಿಗೆ ಹೇಳಿ ಬರ್ತೀನಿ, ಆಮ್ಯಾಲ ನಗ್ರಿ" ಎಂದ. ಯಾರೂ ನಗಲಿಲ್ಲ. ಅವರಲ್ಲೇ ಒಬ್ಬ ಎದ್ದು ಬಂದು, ಮರುದಿನ ತನ್ನ ಗಾಡಿ ಹೂಡಿದ.

ಬಬಲೇಶ್ವರಕ್ಕೆ ಹನ್ನೊಂದು ಹನ್ನೆರಡು ಮೈಲು, ಎರಡೂ ಕಡೆ ಎದ್ದು ಬರುತ್ತಿದ್ದ ಜೋಳ. ಇಳಿಹೊತ್ತಿಗೆ ಗಾಣದವರ ಮನೆ ಕೇಳಿಕೊಂಡು ಹೋದೆವು. ಸಂಗಪ್ಪನ ಮೊಮ್ಮಗ ಅಂಗಳದಲ್ಲಿ ಕೂತು ನೊಗಕ್ಕೆ ಹಗ್ಗ ಬಿಗಿಯುತ್ತಿದ್ದ. ಕಾಕಾ ಅವನ ಮುಂದೆ ನಿಂತು ಬಟ್ಟೆ ಬಿಚ್ಚಿ, ಬಾಡಿದ ಟೊಂಗೆ ನೀಡಿದ.

"ನಿಮ್ಮಜ್ಜ ವೆಂಗುರ್ಲಾ ಬಂದರದಾಗ ಒಂದು ಬೇವಿನ ಗಿಡ ಹಚ್ಯಾನ. ಆಮ್ಯಾಲ ಅವ ತಿರುಗಿ ಹೋಗಲಿಲ್ಲಂತ, ಗಿಡ ಮಾತ್ರ ಇನ್ನೂ ಐತಿ. ಇಷ್ಟ ವರ್ಷ ನಮ್ಮಪ್ಪಂದು ಅಂತ ಹೇಳಕೋತ ಬಂದೇನಿ. ತಪ್ಪಾಗೈತಿ."

ಆತ ಗಾಬರಿಯಾಗಿ ಎದ್ದು ನಿಂತ. "ಅಜ್ಜ ಬಂದರಕ್ಕ ಹೋಗತಿದ್ದ ಅಂತ ಕೇಳೇವ್ರಿ ಯಪ್ಪಾ. ಗಿಡದ ಸುದ್ದಿ ನಮಗ್ಯಾರೂ ಹೇಳಿಲ್ರಿ." ಎರಡೂ ಕೈಯಿಂದ ಟೊಂಗೆ ಇಸಕೊಂಡು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಕೇಳಿದ: "ಅಜ್ಜ ತಿರುಗಿ ಹೋಗೇ ಇಲ್ಲಂದ್ರ, ಅದಕ್ಕ ನೀರ ಯಾರ ಹಾಕಿದ್ರು?"

ಕಾಕಾ ಪೊರೆಗಟ್ಟಿದ ಕಣ್ಣು ಎತ್ತಿ ಅವನ ಕಡೆ ನೋಡಿದ.

"ನಮ್ಮಪ್ಪ," ಎಂದ.