ಆರೋಪಿಯ ಕೈಯಲ್ಲಿ ಪ್ಲಾಸ್ಟಿಕ್ ಡಬ್ಬ

ಹಾಸ್ಯಗಾರನೊಬ್ಬನ ಮೇಲೆ ಅಶ್ಲೀಲತೆಯ ಕೇಸು ಬೀಳುವ ನಾಟಕವೊಂದನ್ನು ಬರೆದಿದ್ದೆ. ಜನರೆದುರು ಬೈಗುಳ ಆಡಿದ್ದಕ್ಕೆ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ, ಅಂದು ಏನು ಹೇಳಿದೆಯೋ ಇಲ್ಲಿ ಹೇಳು ಎಂದು ಸರ್ಕಾರಿ ವಕೀಲ ಪೀಡಿಸುತ್ತಾನೆ. ಗೋಣಿಕೊಪ್ಪಲಿನ ನಮ್ಮ ಹವ್ಯಾಸಿ ತಂಡದಲ್ಲಿ ಜೀಪ್ ಓಡಿಸುವವನೊಬ್ಬ ಆರೋಪಿ, ನಾನು ನ್ಯಾಯಾಧೀಶೆ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳಿಗೆ ಮೇಜು ಬಡಿಯುವ ಅಭ್ಯಾಸ ಇರುತ್ತದೆ ಎಂಬುದು ತಂಡದವರ ಅಭಿಪ್ರಾಯ.

ಸಭಾಂಗಣ ಸಮಿತಿಯ ಅಧ್ಯಕ್ಷರು ಕಾಫಿ, ಮೆಣಸು ವ್ಯಾಪಾರದ ದೊಡ್ಡ ಕುಳ. ನಾಟಕ ಓದಿ, ಬೈಗುಳಗಳಿಗೆಲ್ಲ ಕೆಂಪು ಗೆರೆ ಎಳೆದು, ಇವು ಹೋದರೆ ಮಾತ್ರ ಸಭಾಂಗಣ ಎಂದರು. ಹೆಂಗಸರು, ಮಕ್ಕಳು ಬರುತ್ತಾರಂತೆ. ಅವರ ತಾಯಿ ಮುಂದಿನ ಸಾಲಿನಲ್ಲೇ ಕೂರುತ್ತಾರಂತೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಮಾತುಗಳೇ ಹೋದರೆ ಆರೋಪಿಯ ಮೇಲೆ ಏನು ಕೇಸು ಹಾಕಲಿ, ಟಿಕೆಟ್ ಇಲ್ಲದೆ ಬಸ್ ಹತ್ತಿದನೆಂದೋ ಎಂದು ಅವರ ಅಂಗಡಿಗೇ ಹೋಗಿ ಕೇಳಿದೆ. ಜೀಪಿನವನೂ ಜೊತೆಗಿದ್ದ. ನಮಗೆ ಬೇರೆ ಜಾಗ ಸಿಗುವಂತಿರಲಿಲ್ಲ. ಮಾತು ಬಿಡಬೇಕು, ಇಲ್ಲವೇ ನಾಟಕವನ್ನೇ ಬಿಡಬೇಕು.

ಅಂದು ಕುಂಡೆ ಹಬ್ಬವೆಂಬುದು ಅವರಿಗೂ ಮರೆತಿತ್ತು, ನನಗೂ. ಕುಂಡೆ ಎಂದರೆ ಅದೇ, ಸಭ್ಯ ಕನ್ನಡದಲ್ಲಿ ಪೃಷ್ಠ. ಬೇಟೆಗೆಂದು ಕಾಡಿಗೆ ಕರೆದೊಯ್ದ ದೇವರು ನಡುದಾರಿಯಲ್ಲಿ ಕೈಕೊಟ್ಟು ದೇವಿಯ ಹಿಂದೆ ಹೋದನೆಂದು ಇಲ್ಲಿಯ ಕಾಡಿನ ಜನ ವರ್ಷಕ್ಕೊಮ್ಮೆ ಅವನನ್ನು ಬಾಯಿತುಂಬ ಬೈಯುತ್ತಾರೆ. ದಾರಿಯಲ್ಲಿ ಸಿಕ್ಕವರಿಗೂ ಅದರಲ್ಲಿ ಪಾಲುಂಟು. ಎಸ್ಟೇಟಿನ ಕೂಲಿ ಲೈನುಗಳಲ್ಲಿದ್ದು ವರ್ಷವಿಡೀ ತಲೆತಗ್ಗಿಸಿ ದುಡಿಯುವ ಗಂಡಸರು ಆ ದಿನ ಸೀರೆ, ನೈಟಿ ತೊಟ್ಟು, ಪ್ಲಾಸ್ಟಿಕ್ ಡಬ್ಬ ಬಡಿಯುತ್ತಾ ಪೇಟೆಗೆ ಬರುತ್ತಾರೆ.

ಬಂದೇ ಬಿಟ್ಟರು. ಅಧ್ಯಕ್ಷರನ್ನು, ಅವರ ಹೊಟ್ಟೆಯನ್ನು, ಅವರ ಇಡೀ ವಂಶವನ್ನು, ಡಬ್ಬದ ಬಡಿತ ನಿಂತಲ್ಲೆಲ್ಲ ಒಂದೊಂದು ಬೈಗುಳದಂತೆ, ತಾಳ ತಪ್ಪದೆ ಬೈದರು. ನನ್ನನ್ನೂ ಬಿಡಲಿಲ್ಲ. ಅದರ ಮುಂದೆ ನನ್ನ ನಾಟಕ ಅಂಗನವಾಡಿಯ ಪದ್ಯ. ಅಧ್ಯಕ್ಷರು ಬೈಸಿಕೊಂಡ ಹೊಟ್ಟೆಯನ್ನೇ ಕುಣಿಸಿ ನಕ್ಕು, ಜೇಬಿಗೆ ಕೈಹಾಕಿ ಏನೋ ಕೊಟ್ಟು ಕಳಿಸಿದರು. ನಾನು ಕೆಂಪು ಗೆರೆಯ ಹಾಳೆಗಳನ್ನು ಅವರ ಮುಖದ ಮುಂದೆ ಹಿಡಿದೆ.

"ಅದು ಬೇರೆ ಮೇಡಂ. ಅದು ಪದ್ಧತಿ," ಎಂದರು. "ಡಬ್ಬ ಬಡ್ಕೊಂಡು ಬಂದವ್ರಿಗೆ ಯಾರಾದ್ರೂ ಬೇಡ ಅಂತಾರಾ?"

ಜೀಪಿನವನು ನನ್ನ ಮುಖ ನೋಡಿದ. ನಾನು ಕೂಡಲೇ ಸಾಧುವಾಗಿ, ಆಗಲಿ ಸಾರ್, ಆರೋಪಿಯ ಬಾಯಲ್ಲಿ ಒಂದು ಬೈಗುಳವೂ ಬರುವುದಿಲ್ಲ ಎಂದು ಒಪ್ಪಿಕೊಂಡೆ. ನಾನು ಅಷ್ಟು ಬೇಗ ಒಪ್ಪಿದ್ದಕ್ಕೆ ಅವರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ನಾಟಕದ ದಿನ ಜನ ಕಿಕ್ಕಿರಿದಿದ್ದರು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಊರುಗೋಲು ಹಿಡಿದ ಅವರ ತಾಯಿ. ಅಂದು ಏನು ಹೇಳಿದೆ ಎಂದು ವಕೀಲ ಗದರಿದ. ಆರೋಪಿ ತುಟಿ ಬಿಚ್ಚದೆ ಕಟಕಟೆಯ ಒಳಗಿಂದ ಪ್ಲಾಸ್ಟಿಕ್ ಡಬ್ಬವೊಂದನ್ನು ತೆಗೆದು ಹಬ್ಬದ ತಾಳ ಬಾರಿಸಿ ನಿಲ್ಲಿಸಿದ. ಯಾರೂ ಉಸಿರೆತ್ತಲಿಲ್ಲ. ಮತ್ತೊಮ್ಮೆ ಬಾರಿಸಿ ನಿಲ್ಲಿಸಿದಾಗ, ಹಬ್ಬದ ಬೈಗುಳ ಬರಬೇಕಾದ ಜಾಗಕ್ಕೆ ಸರಿಯಾಗಿ ಬಂತು. ಹೇಳಿದ್ದು ಅಧ್ಯಕ್ಷರ ತಾಯಿ.

ಆಮೇಲೆ ಕೊಡವರು, ಅರೆಭಾಷೆಯವರು, ಮಲಯಾಳಿಗಳು, ಹೆಂಗಸರು, ಮಕ್ಕಳು ಎಲ್ಲ ಸೇರಿಕೊಂಡರು. ಡಬ್ಬ ನಿಂತಲ್ಲೆಲ್ಲ ಜನವೇ ಬೈದರು. ಕೆಂಪು ಗೆರೆ ಬಿದ್ದ ಒಂದೊಂದು ಮಾತೂ ವಾಪಸು ಬಂತು, ನಾನು ಬರೆಯಲು ಹೆದರಿದವೂ ಬಂದವು. ಖುಷಿಗೆ ನನ್ನ ಕಣ್ಣು ತುಂಬಿತು. ಮೇಜು ಬಡಿದು, ಆರೋಪಿ ಏನೂ ಹೇಳಿಲ್ಲವೆಂದು ಬರೆದುಕೊಳ್ಳಿ ಎಂದು ಗುಮಾಸ್ತನ ಪಾತ್ರದವನಿಗೆ ಆಜ್ಞೆ ಮಾಡಿದೆ.

ಪರದೆ ಬಿದ್ದ ಮೇಲೆ ಅಧ್ಯಕ್ಷರು ಮುಖ ಕೆಂಪಗೆ ಮಾಡಿಕೊಂಡು ಒಳಗೆ ಬಂದರು. ಯಾರನ್ನು ಬೈಯಬೇಕೆಂದು ಅವರಿಗೆ ತಿಳಿಯಲಿಲ್ಲ. ಹಿಂದೆಯೇ ಬಂದ ಅವರ ತಾಯಿ ಊರುಗೋಲಿನಿಂದ ಮಗನನ್ನು ಪಕ್ಕಕ್ಕೆ ಸರಿಸಿ ನನ್ನ ಕೈ ಹಿಡಿದುಕೊಂಡರು.

"ನಾಟಕ ಚಂದ ಉಂಟು," ಎಂದರು. "ಮುಂದಿನ ಸಲ ಅದೆಲ್ಲ ಆ ಡಬ್ಬದವನೇ ಹೇಳ್ಲಿ ಮಗಳೇ. ಟಿಕೆಟ್ ತಗೊಂಡು ಬಂದು ನಾವೇ ಬೊಬ್ಬೆ ಹಾಕೋದಾ?"