ಮಗ್ಗದ ಗುಂಡಿಗೆ ಮರಳು

ಪಕ್ಕದ ಮನೆಯ ಅಜ್ಜಿಯ ಬಲಗೈ ಹೆಬ್ಬೆರಳಿನ ಮೇಲೆ ಆಳವಾದ ಒಂದು ಗೀರು ಇತ್ತು. ಐವತ್ತು ವರ್ಷ ರೇಷ್ಮೆ ಎಳೆ ಹಿಡಿದು ಲಾಳಿಗೆ ಹಾಕುವ ಕಂಡಿಕೆ ಸುತ್ತಿದ್ದರಿಂದ ಆದದ್ದು. ನಮ್ಮ ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಅದೇನೂ ವಿಶೇಷವಲ್ಲ. ಆ ಹೆಬ್ಬೆರಳಿನಿಂದಲೇ ಅವರು ನನ್ನ ಮಗಳ ಅಂಗಾಲು ಒತ್ತಿ ನೋಡಿ, "ಈ ಪಾದ ಊರೆಲ್ಲಾ ಸುತ್ತುತೈತೆ ನೋಡ್ರಿ ಮೇಷ್ಟ್ರೇ" ಎಂದಿದ್ದರು. ಮಗಳು ಆಗ ದಾವಣಗೆರೆಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಮನೆಗೆ ಬಂದು ಎರಡು ದಿನವಾಗಿತ್ತು. ಏಳು ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು.

ಅಜ್ಜಿಯ ತವರು ಆಂಧ್ರದ ಕಡೆ. ಸಿಟ್ಟು ಬಂದರೆ ಕನ್ನಡ, ಮುದ್ದು ಬಂದರೆ ತೆಲುಗು. ಮಗು ಬೋರಲು ಬಿದ್ದರೆ ಹೋಳಿಗೆ, ಹೊಸ್ತಿಲು ದಾಟಿದರೆ ವಡೆ, ಹೆಜ್ಜೆ ಇಟ್ಟರೆ ಅತ್ತಿರಸ ಹಾಸಿ ಅದರ ಮೇಲೆ ನಡೆಸುವುದು ಅವರ ಪದ್ಧತಿ. ನಮ್ಮ ಮಗಳು ಬೋರಲು ಬಿದ್ದದ್ದೇ ತಡವಾಗಿ. ಅಜ್ಜಿಗೋ ತಾಳ್ಮೆ ಎಂಬುದು ಹೆಸರಿಗೂ ಇರಲಿಲ್ಲ. ವರ್ಷ ತುಂಬಿದ ದಿನ ನಮಗೂ ಹೇಳದೆ ಅತ್ತಿರಸ ಕರಿದು, ಕೇರಿಯ ಹೆಂಗಸರನ್ನೆಲ್ಲ ಕರೆದುಕೊಂಡು ನಮ್ಮ ಮನೆಗೆ ಬಂದರು. "ವರ್ಷ ತುಂಬಿದ್ ಮ್ಯಾಲೆ ಹೆಜ್ಜೆ ಬರ್ಲೇಬೇಕು" ಎನ್ನುತ್ತ ಕೂಸಿನ ಕಂಕುಳಿಗೆ ಕೈಕೊಟ್ಟು ನಿಲ್ಲಿಸಿಯೇ ಬಿಟ್ಟರು.

ಮಗಳ ಕಾಲುಗಳು ಬಿಗಿದು ಕತ್ತರಿಯಂತೆ ಒಂದರ ಮೇಲೊಂದು ಬಿದ್ದವು. ತುದಿಬೆರಳು ಮಾತ್ರ ಕೆಳಗೆ ತಾಗಿತು. ಕಿರುಚಿ ಅತ್ತಳು. ಯಾರೋ ಒಬ್ಬಾಕೆ, "ಕಾಲಿನಾಗೆ ಜೀವಾನೇ ಇಲ್ಲ" ಎಂದಳು. ನನ್ನ ಹೆಂಡತಿ ಮಗುವನ್ನು ಕಸಿದುಕೊಂಡು ಒಳಗೆ ಹೋದಳು. ನಾನು ಅಜ್ಜಿಯ ಮೇಲೆ ಹರಿಹಾಯ್ದೆ. ಏನೇನು ಅಂದೆನೋ, ಈಗ ನೆನೆದರೆ ನಾಚಿಕೆ. ಅವರು ಅತ್ತಿರಸ ಎತ್ತಿಕೊಂಡು ಮನೆಗೆ ಹೋದರು.

ಮುಂದಿನ ಸೋಮವಾರ ಮಗಳಿಗೆ ವ್ಯಾಯಾಮ ಹೇಳಿಸಿಕೊಳ್ಳಲು ಚಳ್ಳಕೆರೆಯ ಆಸ್ಪತ್ರೆಗೆ ಹೊರಟರೆ, ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿ ನಮಗಿಂತ ಮೊದಲೇ ನಿಂತಿದ್ದಾರೆ. "ಬಯ್ಯೋದಿದ್ರೆ ಬಸ್ಸಿನಾಗೆ ಬಯ್ರಿ, ನಾನೂ ಬರ್ತೀನಿ."

ಅಲ್ಲಿನ ಡಾಕ್ಟರಮ್ಮ ಸಮಾಧಾನವಾಗಿ ವಿವರಿಸಿದರು. ಇಷ್ಟು ಬೇಗ ಹುಟ್ಟಿದ ಮಕ್ಕಳ ವಯಸ್ಸನ್ನು ಹುಟ್ಟಬೇಕಿದ್ದ ದಿನದಿಂದ ಎಣಿಸಬೇಕು. ಇವಳ ಕಾಲಿನಲ್ಲಿ ಬಿಗಿ ಇದೆ. ಹಿಮ್ಮಡಿ ಊರಿಸಿ, ಕೂತಲ್ಲಿಂದ ಏಳುವುದನ್ನು ದಿನಾ ಮಾಡಿಸಬೇಕು.

"ನಡೀತಾಳಾ ಇಲ್ವಾ, ಅದೊಂದು ಹೇಳವ್ವ" ಎಂದರು ಅಜ್ಜಿ.

"ಈಗ್ಲೇ ಹೇಳಕ್ಕಾಗಲ್ಲ ಅಜ್ಜಿ."

ವಾಪಸು ಬರುವಾಗ ದಾರಿಯುದ್ದಕ್ಕೂ ಬೆರಳು ಮಡಿಚಿ ಏನೋ ಎಣಿಸಿದರು. ಇಳಿಯುವಾಗ, "ಮೂರು ತಿಂಗ್ಳು ನಾನೇ ಹೆಚ್ಚಿಗೆ ಹಿಡಿದಿದ್ದೆ" ಎಂದರು.

ಅವರ ಮನೆಯಲ್ಲಿ ಎರಡು ಮಗ್ಗಗಳಿದ್ದವು, ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿಯವು. ಒಂದರಲ್ಲಿ ಮಗ ನೇಯುತ್ತಿದ್ದ. ಇನ್ನೊಂದು ತೀರಿಹೋದ ಯಜಮಾನರದು. ಆ ಗುಂಡಿಗೆ ಕಾಲಿಡಲು ಮೊಮ್ಮಕ್ಕಳಿಗೂ ಬಿಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಅದಕ್ಕೆ ಮುಕ್ಕಾಲು ಮರಳು ತುಂಬಿಸಿದ್ದಾರೆ. ಅಂಚಿನ ಮೇಲೆ ಕೂರಿಸಿದರೆ ಮಗಳ ಪಾದ ಸರಿಯಾಗಿ ಊರುತ್ತಿತ್ತು. ಎತ್ತರದಲ್ಲಿ ಬಣ್ಣದ ಕಂಡಿಕೆ ಹಿಡಿದು ಏಳಿಸುವುದು, ಕೂರಿಸುವುದು, ಮತ್ತೆ ಏಳಿಸುವುದು. "ಏ ಬಂಗಾರು, ಹಿಮ್ಮಡಿ ಊರು, ಹಿಮ್ಮಡಿ!" ಮಗಳು ಅತ್ತರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ, ಅಜ್ಜಿ ವರ್ಷದ ಮೇಲಾದರೂ ಒಂದು ದಿನವೂ ತಪ್ಪಿಸಲಿಲ್ಲ. ಅತ್ತಿರಸದ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಎರಡೂಕಾಲು ವರ್ಷಕ್ಕೆ, ಒಂದು ಭಾನುವಾರ, ನಮ್ಮ ಪಡಸಾಲೆಯಲ್ಲಿ ಮಗಳು ಗೋಡೆ ಬಿಟ್ಟು ತನ್ನವ್ವನ ಕಡೆಗೆ ನಾಲ್ಕು ಹೆಜ್ಜೆ ಇಟ್ಟಳು. ಹೆಂಡತಿ ಅವಳನ್ನು ತಬ್ಬಿಕೊಂಡು ಅತ್ತಳು. ನಾನು ಓಡಿಹೋಗಿ ಅಜ್ಜಿಗೆ ಹೇಳಿದೆ. "ಹೌದಾ! ನಿಜಾನಾ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡು ನಮಗಿಂತ ಹೆಚ್ಚು ಬೆರಗಾದರು.

ಈ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆ ಅವರ ಮಗ ನನ್ನ ಪಕ್ಕ ಕೂತ. "ಪಾಪು ಮೊದ್ಲು ನಡೆದಿದ್ದು ನಮ್ಮನೇಲಿ ಮೇಷ್ಟ್ರೇ. ನಿಮ್ಮನೇಲಿ ನಡೆಯೋಕೆ ಹತ್ತು ದಿನ ಮುಂಚೆ. ನಮ್ಮವ್ವನ ಕಡೀಗೆ ಮೂರು ಹೆಜ್ಜೆ. ನಿಮ್ಮನ್ನ ಕರೀತೀನಿ ಅಂತ ಎದ್ದೆ, ಕೈ ಹಿಡ್ಕಂಡ್ಲು. 'ಹೇಳ್ಬ್ಯಾಡ ಕಣೋ. ಹೆತ್ತೋಳು ಮೊದ್ಲು ನೋಡ್ಲಿ' ಅಂದ್ಲು."

ಹೆಂಡತಿಗೆ ಇದನ್ನು ಹೇಳಲು ಇಷ್ಟು ದಿನ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಬರೆದಿದ್ದೇನೆ, ಓದಿಕೊಳ್ಳಲಿ.