ಹನ್ನೊಂದನೇ ಗೂಡಿನ ಪರದೆ

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಆಕೆ ಕ್ಯಾಪ್ಸೂಲ್ ಹೋಟೆಲಿನ ಹನ್ನೊಂದನೇ ಗೂಡಿನಲ್ಲಿ ಕತ್ತು ಬಗ್ಗಿಸಿ ಕೂತು, ಬಾಗಿಲಿಗೆ ಇಳಿಬಿಟ್ಟ ಪರದೆಯನ್ನು ಟೇಪಿನಿಂದ ಅಳೆಯುತ್ತಿದ್ದಳು. ಗೂಡು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ. ಮಲಗಲು ಸಾಕು, ಸಿಟ್ಟಿನಿಂದ ಹೊರಳಾಡಲು ಸಾಲದು.

ಆಕೆ ಇಪ್ಪತ್ತಾರು ವರ್ಷಗಳಿಂದ ಪರದೆ ಹೊಲಿಯುವವಳು. ಆದರೆ ಈ ಹೋಟೆಲಿನ ಕೆಳಗಿನ ಅಂತಸ್ತಿನ ಪರದೆಗಳನ್ನೆಲ್ಲ ಹೊಲಿದವಳು ಆಕೆಯ ತಂಗಿ. ಸೂಜಿಗೆ ದಾರ ಪೋಣಿಸುವುದನ್ನೂ ಇವಳಿಂದಲೇ ಕಲಿತ ತಂಗಿ. ಮೇಲಂತಸ್ತಿನ ನಲವತ್ತು ಗೂಡುಗಳ ಕೆಲಸ ಯಾರಿಗೆಂದು ಇವತ್ತು ತೀರ್ಮಾನ. ಒಂದೇ ಒಂದು ತಪ್ಪು ಸಿಕ್ಕರೆ ಕೆಲಸ ತನ್ನದಾದೀತೆಂದು ಆಕೆ ಯಾರಿಗೂ ಗುರುತು ಹೇಳದೆ ಬಂದು ಮಲಗಿದ್ದಳು.

"ಮೊಸರಲ್ಲಿ ಕಲ್ಲು ಹುಡುಕೋಕೆ ಬಾಡಿಗೆ ಕೊಟ್ಟು ಹೋಗೋಳು ನೀನೊಬ್ಬಳೇ ಕಣೇ," ಎಂದು ಹೊರಡುವಾಗ ಗಂಡ ನಕ್ಕಿದ್ದ.

ರಾತ್ರಿ ಕಲ್ಲು ಸಿಗಲಿಲ್ಲ. ಹೊಲಿಗೆ ನೇರ, ನೆರಿಗೆ ಸಮ. ಗೂಡುಗಳ ನಡುವಿನ ಓಣಿಯ ದೀಪದ ಬೆಳಕು ಒಂದು ಎಳೆಯಷ್ಟೂ ಒಳಗೆ ಬರಲಿಲ್ಲ. ಅಷ್ಟು ಒಳ್ಳೆಯ ಕತ್ತಲೆಯೇ ಆಕೆಗೆ ನಿದ್ದೆ ಕೊಡಲಿಲ್ಲ.

ಈಗ ಟೇಪು ಹೇಳಿತು: ನೂರು ಸೆಂಟಿಮೀಟರ್ ಇರಬೇಕಾದದ್ದು ನೂರಮೂರು. ಮತ್ತೆ ಅಳೆದಳು. ನೂರಮೂರೇ. ಹೊಟ್ಟೆ ತಣ್ಣಗಾಯಿತು.

"ಅಕ್ಕಾ, ನಿಮ್ಮ ಟೇಪು ನನ್ನ ಮೂಗಿನ ಮೇಲೆ ಬಂತು," ಎಂದಳು ಕೆಳಗಿನ ಗೂಡಿನಿಂದ ತಲೆ ಹೊರಹಾಕಿದ ಹೆಂಗಸು. "ನಾನು ಅಂಗಿ ಹೊಲಿಸಲ್ಲಪ್ಪ, ನಿದ್ದೆ ಮಾಡೋಕೆ ಬಿಡಿ."

ಆಕೆ ಏಣಿ ಇಳಿದು ನೇರ ಮ್ಯಾನೇಜರನ ಮೇಜಿಗೆ ಹೋದಳು.

"ಪರದೆ ಮೂರು ಸೆಂಟಿಮೀಟರ್ ಜಾಸ್ತಿ ಉದ್ದ ಇದೆ! ಅಳತೆ ಬರದವರ ಹತ್ತಿರ ಯಾಕ್ರೀ ಹೊಲಿಸ್ತೀರಿ?"

ಮ್ಯಾನೇಜರ್ ಆಕಳಿಕೆ ನುಂಗಿಕೊಂಡ. "ಅದು ನಿನ್ನೆ ಹಾಕಿದ ಪರದೆ ಅಮ್ಮ, ಇನ್ನೂ ನೀರು ಕಂಡಿಲ್ಲ. ಹತ್ತಿ ಬಟ್ಟೆ, ಒಂದು ಸಲ ಒಗೆದರೆ ಸರಿಹೋಗುತ್ತೆ ಅಂತ ಹೇಳಿಯೇ ಕೊಟ್ಟಿದ್ದಾರೆ. ಹನ್ನೆರಡನೇದು ಒಗೆದಿದ್ದು, ಖಾಲಿ ಇದೆ, ನೋಡಿ ಬೇಕಾದ್ರೆ."

ನೋಡಿದಳು. ನೂರಕ್ಕೆ ಒಂದು ಕೂದಲೆಳೆ ಕಡಿಮೆ. ಹದಿನೈದು ವರ್ಷಗಳಿಂದ ಆಕೆ ಹೊಲಿದದ್ದು ಬರೀ ಪಾಲಿಯೆಸ್ಟರ್, ಅದು ಕುಗ್ಗುವುದಿಲ್ಲ. ಹತ್ತಿಯ ಗುಣವೇ ಮರೆತುಹೋಗಿತ್ತು.

"ಈ ಲೆಕ್ಕ ಅವಳಿಗೆ ಯಾರು ಕಲಿಸಿದ್ರಂತೆ?"

"ಅವರ ಅಕ್ಕ ಅಂತೆ. ಬಾಯಿ ಬಿಟ್ರೆ ಅಕ್ಕನದೇ ಮಾತು. ಮೇಲಂತಸ್ತಿಗೂ ಇದನ್ನ ಹೊಲಿದೋರನ್ನೇ ಕರೆಸ್ತೀವಿ."

ಆಕೆ ಟೇಪನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ತಂಗಿ ಕೆಲಸ ಗೆದ್ದದ್ದಕ್ಕಿಂತ, ತಾನು ಮರೆತದ್ದನ್ನು ಅವಳು ನೆನಪಿಟ್ಟುಕೊಂಡದ್ದು ಹೆಚ್ಚು ಉರಿಯಿತು. ಹಿಂದೊಮ್ಮೆ ಹನ್ನೆರಡು ವರ್ಷದ ತಂಗಿ, ತಾನೇ ಹೊಲಿದ ಮೊದಲ ಲಂಗ ಒಗೆದ ಮೇಲೆ ಗಿಡ್ಡವಾಯಿತೆಂದು ಅಳುತ್ತ ನಿಂತಿದ್ದಳು. ಆವತ್ತು ಅವಳ ಕಣ್ಣೊರೆಸಿ, ಇಡೀ ಮನೆಗೆ ಕೇಳುವಂತೆ ಹೇಳಿದವಳು ಇವಳೇ:

"ಹತ್ತಿ ಅಲ್ವೇನೇ, ಅಳುಬುರುಕಿ? ಮೊದಲೇ ಜಾಸ್ತಿ ಬಿಡಬೇಕು, ನೂರಕ್ಕೆ ಮೂರು."